ಬಾಜು ಮನಿ ಸೊಸಿ ಅಳೋದು ಕೇಳಸ್ತದ, ನಾವೇನು ಮಾಡಬೇಕು?

ಕೇಳಿದವರು: ಕಲಬುರಗಿಯ ಒಬ್ಬ ಗೃಹಿಣಿ

ಎಲ್ಲರಿಗೂ ನಮಸ್ಕಾರ್ರಿ. ನಾವಿರೋದು ಒಂದೇ ಅಂಗಳದ ಸುತ್ತ ಆರು ಕಿರಾಯಿ ಮನಿ, ಎಲ್ಲರಿಗೂ ಒಂದೇ ನಳ. ನಮ್ಮ ಗ್ವಾಡಿಗಿ ಹತ್ತಿದ ಮನ್ಯಾಗ ಒಬ್ಬಾಕಿ ಸೊಸಿ ಅದಾಳ. ಲಗ್ನ ಆಗಿ 2 ವರ್ಷ, ಕೈಯಾಗ 8 ತಿಂಗಳ ಕೂಸು. ವಾರಕ್ಕ ಎರಡು ಮೂರು ಸಲ ರಾತ್ರಿ ಹೊಡೆತದ ಸಪ್ಪಳ ಕೇಳಸ್ತದ. ಅಕಿ ಒದರೋದಿಲ್ಲ, ಕೂಸು ಒದರ್ತದ. ಮುಂಜಾನಿ ನಳಕ್ಕ ಬಂದಾಗ ಸೆರಗು ಕಿವಿತನಕ ಎಳಕೊಂಡಿರ್ತಾಳ.

ಹೋದ ತಿಂಗಳು ನಮ್ಮೊಳಗ ಒಬ್ಬರು ಪೊಲೀಸರಿಗಿ ಫೋನ್ ಹಚ್ಚಿದ್ರು. ಬಂದ್ರು, ಗಂಡಗ ಬೈದ್ರು, ಹೋದ್ರು. ಮರುದಿನ ಅಕಿನೇ ಬಂದು "ಅಕ್ಕಾ, ಯಾಕ ಕರಸಿದ್ರಿ? ರಾತ್ರಿ ಮತ್ತ ಹೆಚ್ಚಿಗಿ ಆಯ್ತು" ಅಂದಳು. ಆವತ್ತಿನಿಂದ ನಮ್ಮೆಲ್ಲರ ಬಾಯಿ ಕಟ್ಟಿದಂಗ ಆಗ್ಯಾದ. ಸ್ತ್ರೀಶಕ್ತಿ ಸಂಘದವರು 12 ಮಂದಿ ಇದೀವಿ. ಸುಮ್ಮ ಕುಂದರಲಿಕ್ಕ ಮನಸ್ಸು ಒಪ್ಪವಲ್ಲದು, ಕೈ ಹಾಕಿದ್ರ ಅಕಿಗೇ ಕೇಡಾಗ್ತದೇನೋ ಅಂತ ಅಂಜಿಕಿ. ಇಂಥಾದ್ದು ಕಂಡವರು, ಉಂಡವರು ಹೇಳ್ರಿ.

(ಅಕಿ ತವರೂರಿನ ಹೆಸರು ಇಲ್ಲಿ ಬರೆದಿದ್ದೆ. ಕೆಳಗ ಆಳಂದದ ಅಕ್ಕೋರು ಹೇಳಿದ ಮ್ಯಾಲ ತಗದೀನಿ.)

ಆಳಂದ ಕಡಿಯಾಕಿ, ಹೊಲಿಗಿ ಕೆಲಸ

ನಾನು ಉಂಡಾಕಿ. ಏಳು ವರ್ಷ ಉಂಡೀನಿ. ಮೊದಲು ಅಕಿ ಊರಿನ ಹೆಸರು ತಗೀರಿ ತಂಗಿ, ಯಾರು ಯಾರು ಓದ್ತಾರ ಗೊತ್ತಿಲ್ಲ.

ನನ್ನ ಬಾಜು ಮನ್ಯಾಗ ಒಬ್ಬ ವಯಸ್ಸಾದ ಅವ್ವ ಇದ್ದಳು. ನಮ್ಮಲ್ಲಿ ದನಿ ಏರಿತು ಅಂದ್ರ ಸಾಕು, ಸ್ಟೀಲಿನ ಬಟ್ಟಲ ಹಿಡಕೊಂಡು ಬಾಗಲಕ್ಕ ಬಂದು ನಿಲ್ತಿದ್ದಳು. "ಹಾಲು ಕಾಸಿ ಇಟ್ಟೀನಿ ತಂಗಿ, ಹೆಪ್ಪಿಗಿ ಒಂದು ಚಮಚಾ ಮೊಸರು ಕೊಡು." ನಮ್ಮ ಓಣಿಯಾಗ ದೀಪ ಹಚ್ಚಿದ ಮ್ಯಾಲ ಹೆಪ್ಪು ಯಾರೂ ಕೇಳಂಗಿಲ್ಲ, ಯಾರೂ ಕೊಡಂಗಿಲ್ಲ. ನಮ್ಮತ್ತಿ ಒಳಗಿಂದ ಬೈತಿದ್ದಳು. ಆ ಅವ್ವ ಹೊಸ್ತಿಲ ಬಿಟ್ಟು ಕದಲ್ತಿರಲಿಲ್ಲ. ನಾನು ಎದ್ದು, ಮಾರಿ ಒರಸಿಕೊಂಡು, ಮೊಸರಿನ ಗಡಿಗಿ ತಗದು, ಬಟ್ಟಲಿಗಿ ಹಾಕೋದರೊಳಗ ಗಂಡನ ಕೈ ಕೆಳಗ ಇಳಿದಿರ್ತಿತ್ತು. ಅವನಿಗಿ ಒಂದು ಮಾತೂ ಆಡ್ತಿರಲಿಲ್ಲ ಅಕಿ. ಬಟ್ಟಲ ತಗೊಳ್ಳುವಾಗ ನನ್ನ ಬೆರಳು ಒಂದು ಸಲ ಗಟ್ಟಿ ಹಿಡಿದು ಬಿಡ್ತಿದ್ದಳು. ಇದರಿಂದ ಹೊಡಿಯೋದು ನಿಂತೇಹೋಯ್ತು ಅಂತ ಅಲ್ಲ, ಆ ಆ ರಾತ್ರಿ ದಾಟ್ತು. ಗ್ವಾಡಿ ಆಚಿ ಒಬ್ಬರಿಗಿ ನನ್ನ ಖಬರ್ ಅದ ಅನ್ನೋದು ತಿಳೀತು.

ಬೀಗರು, ಬಳಗದವರು ಬಂದಾಗೆಲ್ಲ ಕೇಳ್ತಿದ್ದ ಮಾತು ಒಂದೇ, "ಇಷ್ಟಾದ್ರೂ ಯಾಕ ಇಲ್ಲೇ ಇದ್ದಿ?" ಅವ್ವ ಅದನ್ನ ಒಂದು ಸಲಾನೂ ಕೇಳಲಿಲ್ಲ. "ಊಟ ಆಯ್ತೇನು?" ಅಂತ ಕೇಳ್ತಿದ್ದಳು. ಮೂರನೇ ವರ್ಷಕ್ಕ ನಾನೇ ಬಾಯಿ ಬಿಟ್ಟೆ. ಆಮ್ಯಾಲ ನನ್ನ ಆಧಾರ್, ಮಗನ ಜನನ ಪತ್ರ, ಲಗ್ನದ ಎರಡು ಫೋಟೋ ಅಕಿ ಟ್ರಂಕ್ ಸೇರಿದವು. ಒಮ್ಮೆಲೇ ಅಲ್ಲ, ತಿಂಗಳಿಗೊಂದು ಕಾಗದ, ಯಾರಿಗೂ ಕಾಣದಂಗ. ನಾನು ಹೊರಬಿದ್ದಿದ್ದು 2019ರಾಗ. ಕೈಯಾಗ ಬಸ್ಸಿನ ರೊಕ್ಕಾನೂ ಇರಲಿಲ್ಲ. ಕುಬಸದ ಕಣದಾಗ ಸುತ್ತಿ ಅಕಿನೇ 200 ರೂಪಾಯಿ ಕೊಟ್ಟಳು. ಈಗ 2023ರ ಜೂನ್‌ನಿಂದ ಹೆಂಗಸರಿಗಿ ಸರ್ಕಾರಿ ಬಸ್ಸು ಪುಕ್ಕಟೆ ಆಗ್ಯಾದ, ಆಧಾರ್ ಒಂದಿದ್ರ ತವರು ಮುಟ್ಟಬಹುದು. ಅದಕ್ಕ ಬಂಗಾರಕ್ಕಿಂತ ಮೊದಲು ಆಧಾರ್ ಉಳಸ್ರಿ.

ನೀವು ಪೊಲೀಸರನ್ನ ಕರೆದದ್ದು ತಪ್ಪಲ್ಲ. ಜೀವಕ್ಕ ಕುತ್ತು ಅನಿಸಿದ್ರ ಯಾರನ್ನೂ ಕೇಳದೇ 112ಕ್ಕ ಹಚ್ಚರಿ. ಉಳಿದದ್ದೆಲ್ಲ ಮಾತ್ರ ಅಕಿನ್ನ ಕೇಳೇ ಮಾಡ್ರಿ. ಎಲ್ಲಿ ಹೋಗಬೇಕು, ಯಾರ ಜೋಡಿ ಮಾತಾಡಬೇಕು, ಎಲ್ಲಾ ಗಂಡನೇ ಹೇಳ್ತಾನ. ಬಾಜು ಮನಿಯವರೂ ಹಂಗೇ ಹೇಳಲಿಕ್ಕ ಹತ್ತಿದ್ರ ಅಕಿ ಕೈಯಾಗ ಏನು ಉಳೀತು?

ಹುಮನಾಬಾದದಿಂದ ಒಬ್ಬ ಅಣ್ಣ

ತಂಗಿನ್ನ ಎರಡು ಸಲ ತಿರುಗಿ ಗಂಡನ ಮನಿಗಿ ಕಳಿಸಿದವ ನಾನು.

ಪಂಚಮಿಗಿ ಬಂದಿದ್ದಳು. ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ದಿವಿ. ಓಣಿಯ ಹುಡುಗ್ಯಾರೆಲ್ಲ ಜೀಕಿದ್ರು, ಇಕಿ ಮಾತ್ರ "ಒಲ್ಲೆ" ಅಂತ ಕಟ್ಟಿ ಮ್ಯಾಲ ಕುಂತಳು. ಸಣ್ಣಾಕಿ ಇದ್ದಾಗ ಊಟಕ್ಕ ಕರೆದ್ರೂ ಜೋಕಾಲಿ ಬಿಟ್ಟು ಇಳೀದಾಕಿ. ಅವ್ವ ಒತ್ತಾಯ ಮಾಡಿ ಕೂಡಿಸಿದಳು. ಹಗ್ಗ ಹಿಡೀಲಿಕ್ಕ ಬಲಗೈ ಭುಜದ ಮ್ಯಾಲ ಏಳಲೇ ಇಲ್ಲ. "ಬಚ್ಚಲದಾಗ ಬಿದ್ದೀನಿ" ಅಂದಳು. ಖರೆ ಏನಂತ ಎಲ್ಲರಿಗೂ ಗೊತ್ತಾಯ್ತು, ಗೊತ್ತಾಗದವರಂಗ ಇದ್ದಿವಿ. ಸಣ್ಣ ತಂಗಿ ಲಗ್ನ ಮಾಡೋದಿತ್ತು, ಮಂದಿ ಏನಂತಾರ ಅನ್ನೋ ಅಂಜಿಕಿ. ನಾಕು ದಿನ ಆದ ಮ್ಯಾಲ ಡಬ್ಬಿ ತುಂಬ ಉಂಡಿ ಕಟ್ಟಿ, ನಾನೇ ಗಾಡಿ ಮ್ಯಾಲ ಕೂಡಿಸಿಕೊಂಡು ಹೋಗಿ ಬಿಟ್ಟು ಬಂದೆ.

ಮೂರನೇ ಸಲ ಬಂದಾಗ ಕಳಿಸಲಿಲ್ಲ. ಈಗ ನಮ್ಮಲ್ಲೇ ಅದಾಳ, ಮಗಳು ಸಾಲಿಗಿ ಹೋಗ್ತಾಳ. ಕೈ ಇನ್ನೂ ಪೂರ್ತಿ ಏಳೋದಿಲ್ಲ.

ನಿಮ್ಮ ಹುಡುಗಿ ಒಪ್ಪಿದ್ರ ತವರಿನ ನಂಬರ್ ತಗೊಂಡು ಅವರ ಅಣ್ಣ ತಮ್ಮಂದಿರ ಜೋಡಿ ಮಾತಾಡ್ರಿ. "ಇಲ್ಲಿ ನಿನಗ ಜಾಗಾ ಅದ, ಯಾವಾಗ ಬೇಕಾದ್ರೂ ಬಾ" ಅಂತ ಅವರ ಬಾಯಿಂದ ಅಕಿಗಿ ಹೇಳಸ್ರಿ. ನನಗೂ ಯಾರಾದರೂ ಹಿಂಗ ಫೋನ್ ಮಾಡಿ ಹೇಳಬೇಕಿತ್ತು ಅಂತ ಈಗ ಅನಿಸ್ತದ.

ಕಲಬುರಗಿ, ಕಾನೂನು ನೆರವಿನ ಸ್ವಯಂಸೇವಕಿ

ಮೊದಲು ನಿಮ್ಮ ಭಯದ ಬಗ್ಗೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಗೆಂದು 2005ರಲ್ಲಿ ಆದ ಕಾಯ್ದೆಯ 4ನೇ ಕಲಂ ಓದಿ ನೋಡಿ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ, ಈ ಕೆಲಸವನ್ನೂ ನೋಡುತ್ತಾರೆ. ಅವರ ಕಚೇರಿ ಎಲ್ಲಿದೆ ಎಂದು ನಿಮ್ಮ ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತದೆ. ಆ ಸೊಸೆ ಹೇಳಿದ್ದನ್ನು ಸಿಡಿಪಿಒ ಕೌಟುಂಬಿಕ ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ.

ನನ್ನ ಬಳಿ ಬರುವ ಹೆಣ್ಣುಮಕ್ಕಳು ಮೊದಲು ಹೇಳುವ ಮಾತು "ನನ್ನ ಗಂಡನ್ನ ಜೈಲಿಗಿ ಹಾಕಬ್ಯಾಡ್ರಿ, ಹೊಡಿಯೋದು ನಿಲ್ಲಸ್ರಿ" ಎಂದು. ಅದಕ್ಕೇ ಈ ಕಾಯ್ದೆ ಇರುವುದು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ, ನಾವೆಲ್ಲ 498ಎ ಎಂದು ಕರೆಯುತ್ತಿದ್ದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿರುವುದು, ಬೇರೆ ದಾರಿ. ಅದು ಪೊಲೀಸ್ ಕೇಸು. 2005ರ ಕಾಯ್ದೆಯಡಿ ಆಕೆ ಕೋರ್ಟನ್ನು ಕೇಳುವುದು ಮುಟ್ಟಬಾರದು ಎಂಬ ಆದೇಶ, ಮನೆಯಿಂದ ಹೊರಹಾಕಬಾರದು ಎಂಬ ಆದೇಶ, ಖರ್ಚಿಗೆ ಹಣ, ಕೂಸು ತನ್ನ ಬಳಿಯೇ ಇರಲಿ ಎಂಬ ಆದೇಶ, ತವರಿಂದ ತಂದ ಒಡವೆ ವಾಪಸ್. ಮನೆ ಬಾಡಿಗೆಯದಾದರೂ ಆಕೆಗೆ ಅಲ್ಲಿರುವ ಹಕ್ಕಿದೆ. ಅತ್ತೆ ಮಾವನ ಹೆಸರಿನ ಮನೆಯೂ ಇದರಲ್ಲಿ ಬರಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂರಕ್ಷಣಾ ಆದೇಶ ಮುರಿದರೆ ಆಗ ಗಂಡನಿಗೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ತವರಿಗೆ ಹೋದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಪ್ರತಿ ತಾರೀಖಿಗೂ ಕಲಬುರಗಿಗೆ ಅಲೆಯಬೇಕಿಲ್ಲ. ವಕೀಲರ ಫೀ ಚಿಂತೆಯೂ ಬೇಡ. ಆದಾಯ ಎಷ್ಟಿದ್ದರೂ ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಫೋನ್ 15100. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ತಾರೀಖಿನ ಮೇಲೆ ತಾರೀಖು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮೊದಲ ದಿನವೇ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ಮೊದಲೇ ಕೊಡುವ ತಾತ್ಕಾಲಿಕ ಆದೇಶ, ಕೇಳಿಸಿ, ಇದನ್ನು ಮಾತ್ರ ಮರೆಯಬೇಡಿ.

ಶಹಾಪುರ ತಾಲೂಕಿನ ಆಶಾ ಕಾರ್ಯಕರ್ತೆ

ಕೂಸಿಗಿ 8 ತಿಂಗಳು ಅಂದ್ರಿ. 9 ತಿಂಗಳು ತುಂಬಿದ ಕೂಡಲೇ ದಡಾರ-ರುಬೆಲ್ಲಾ ಸೂಜಿ ಅದ. ನಿಮ್ಮ ಓಣಿಯ ಆಶಾ ಅಕ್ಕಗ ಈಗೇ ಕಿವಿಮಾತು ಹೇಳಿ ಇಡ್ರಿ. ಸೂಜಿಗಿ ಅಂದ್ರ ಯಾವ ಅತ್ತಿನೂ ಬ್ಯಾಡ ಅನ್ನಂಗಿಲ್ಲ. ಅಂಗನವಾಡ್ಯಾಗ ಕೂಸಿನ ತೂಕ ನೋಡೋ ನೆವದಾಗ ಹತ್ತು ನಿಮಿಷ ಅಕಿ ಒಬ್ಬಾಕಿನೇ ಸಿಗ್ತಾಳ. ನಾನು ಎಷ್ಟೋ ಮಂದಿ ಜೋಡಿ ಹಿಂಗೇ ಮಾತಾಡೀನಿ, ತಕ್ಕಡಿ ಮುಂದ ಕುಂತು.

ದವಾಖಾನಿಗಿ ಹೋದ್ರ "ಬಿದ್ದೆ" ಅಂತ ಬರಸಬ್ಯಾಡ ಅಂತ ಹೇಳ್ರಿ. ಡಾಕ್ಟರ್ ಮುಂದ ಖರೆ ಹೇಳಿದ್ರ ಅದು ಚೀಟಿ ಮ್ಯಾಲ ಬರ್ತದ, ಮುಂದ ಅದೇ ಸಾಕ್ಷಿ. ಗಂಡ ಬಾಜೂಕ ನಿಂತಿದ್ರ ಹೇಳಲಿಕ್ಕ ಆಗಂಗಿಲ್ಲ, ಅದಕ್ಕ ನಿಮ್ಮೊಳಗ ಒಬ್ಬರು ಜೋಡಿ ಹೋಗ್ರಿ. ಹೆಂಗಸರ ಸಹಾಯವಾಣಿ 181ಕ್ಕ ಹಚ್ಚೋದಿದ್ರ ನಿಮ್ಮ ಫೋನಿಂದ ಹಚ್ಚಿಸ್ರಿ, ಅಕಿ ಫೋನಿಂದ ಬ್ಯಾಡ. ರಾತ್ರೋರಾತ್ರಿ ಹೊರಬಿದ್ರ ಜಿಲ್ಲಾ ಕೇಂದ್ರದಾಗ ಸಖಿ ಒನ್ ಸ್ಟಾಪ್ ಸೆಂಟರ್ ಅದ, ಅಲ್ಲಿ 5 ದಿನದವರೆಗೂ ಇರಲಿಕ್ಕ ಜಾಗಾ ಕೊಡ್ತಾರ. ನಮ್ಮ ಊರಾಗ 181 ಅಂತ ದೊಡ್ಡದಾಗಿ ಬರೆದು ಹಿಟ್ಟಿನ ಗಿರಣಿಯಾಗ ಅಂಟಿಸೀವಿ. ಪಂಚಾಯ್ತಿ ಗ್ವಾಡಿ ಮ್ಯಾಲ ಇದ್ದದ್ದನ್ನ ಹೆಂಗಸರು ನಿಂತು ಓದಂಗಿಲ್ಲ. ಗಿರಣಿಯಾಗ ಪಾಳಿ ಬರೋತನಕ ನಿಂತೇ ಇರ್ತಾರಲ್ಲ.

ಬೀದರ್, ಒಬ್ಬ ವಿಧವೆ

ಗಂಡ ಹೊಡೆದದ್ದು ಮಾತ್ರ ಕೇಸ್ ಅಲ್ರಿ. ಗಂಡ ತೀರಿಕೊಂಡ ಮೇಲೆ ಮೈದುನಂದಿರು ನನ್ನನ್ನೂ ಮಕ್ಕಳನ್ನೂ ಹೊರಹಾಕಿದರು. ನಾನು ಮುಸ್ಲಿಂ, ಈ ಕಾನೂನು ನಮಗಿಲ್ಲ ಅಂದವರೇ ಬಹಳ. ಎಲ್ಲಾ ಧರ್ಮದವರಿಗೂ ಇದೆ. ಇದೇ ಕಾಯ್ದೆಯಡಿ ಆದೇಶ ತಂದು ಅದೇ ಮನೆಯ ಒಂದು ಕೋಣೆಯಲ್ಲಿದ್ದೇನೆ.

ಸೇಡಂನಿಂದ ಒಬ್ಬ ಹಿರಿಯರು

ಕೋರ್ಟು ಕಚೇರಿ ಅಂದ್ರ ಸಂಸಾರ ಒಡೀತದ. ಓಣಿಯ ನಾಕು ಮಂದಿ ಹಿರಿಯರು ಇಬ್ಬರನ್ನೂ ಎದುರು ಕೂಡಿಸಿ ಬುದ್ಧಿ ಹೇಳಿದ್ರ ಮೊದಲು ಆಗಬೇಕಾದದ್ದು ಆದಂಗ ಆಗ್ತದ. ನನಗೂ ಮೂವರು ಹೆಣ್ಣುಮಕ್ಕಳು ಅದಾರ, ಕೆಡಕು ಬಯಸಿ ಹೇಳ್ತಿಲ್ಲ.

ಆಳಂದ ಕಡಿಯಾಕಿ

ಕಾಕಾ, ನಿಮ್ಮ ಮನಸ್ಸು ನನಗ ತಿಳೀತದ. ನಮ್ಮ ಮನ್ಯಾಗೂ ಮೂರು ಸಲ ಹಿರಿಯರು ಕುಂತಿದ್ರು. ಎಲ್ಲರ ಮುಂದ ಅವ ಕಾಲು ಮುಟ್ಟಿ ತಪ್ಪಾಯ್ತು ಅಂದ. ನನ್ನ ಹೇಳು ಅಂದಾಗ, ಎದುರಿಗಿ ಅವ ಕುಂತಾನ, ನಾ ಏನು ಹೇಳಲಿ? "ಏನಿಲ್ಲ" ಅಂದೆ. ಹಿರಿಯರು ಚಹಾ ಕುಡಿದು ಎದ್ದು ಹೋದ ಮ್ಯಾಲ ಆ ಮನ್ಯಾಗ ಉಳಿಯೋರು ನಾವಿಬ್ಬರೇ ಅಲ್ರಿ? ನಿಮಗ ಕಳಕಳಿ ಇದ್ರ ಅವನೊಬ್ಬನನ್ನೇ ಕರೆದು, "ನಮಗ ಎಲ್ಲಾ ಗೊತ್ತದ, ನಾವು ನೋಡ್ಲತ್ತೀವಿ" ಅನ್ರಿ. ಅದೂ ಅಕಿ ಹೂಂ ಅಂದ ಮ್ಯಾಲ.

ಸೇಡಂನಿಂದ ಒಬ್ಬ ಹಿರಿಯರು

ಎದುರಿಗಿ ಕೂಡಿಸಬಾರದು ಅನ್ನೋದು ಒಪ್ಪಿದೆ ತಂಗಿ. ನಾನು ಕುಂತ ಪಂಚಾಯ್ತಿಗಳೊಳಗೂ ಹೆಣ್ಣುಮಕ್ಕಳು "ಏನಿಲ್ಲ" ಅಂತಲೇ ಅಂದಿದ್ರು.

ಕೇಳಿದವರು: ಕಲಬುರಗಿಯ ಗೃಹಿಣಿ, ಮೂರು ವಾರದ ನಂತರ

ಎಲ್ಲರೂ ಕೇಳ್ಲತ್ತೀರಿ, ಅದಕ್ಕ ಬರೀತೀನಿ. ನಾವು ಆರು ಮನಿಯವರು ಪಾಳಿ ಹಚ್ಚಿಕೊಂಡೀವಿ. ಸಪ್ಪಳ ಕೇಳಿದ ರಾತ್ರಿ ಒಬ್ಬೊಬ್ಬರು ಬಾಗಲ ಬಡೀತೀವಿ. ಒಬ್ಬರು ಕಡ್ಡಿಪೆಟ್ಟಿಗಿ ಕೇಳ್ತಾರ, ಒಬ್ಬರು ಕೂಸು ಯಾಕ ಅಳ್ಲತ್ತದ ಅಂತಾರ. ನಾನು ಹೆಪ್ಪಿನ ಬಟ್ಟಲಾನೇ ಒಯ್ತೀನಿ. ಮೊದಲ ವಾರ ಗಂಡ ಸಿಟ್ಟಿನಿಂದ ನೋಡಿದ. ಈಗ ಬಾಗಲ ತಗದು ಹೊರಗ ಹೋಗಿಬಿಡ್ತಾನ.

ನಳದ ಮುಂದ ಯಾವ ಪ್ರಶ್ನಿನೂ ಕೇಳೋದು ಬಿಟ್ಟೀವಿ. ಅಕಿ ಕೊಡ ಎತ್ತಿ ಕೊಡ್ತೀವಿ, ಕೂಸು ಹಿಡಕೋತೀವಿ. ಮೊನ್ನೆ ಸೂಜಿಗಿ ಹೋದಾಗ ನಾನೇ ಜೋಡಿ ಹೋಗಿದ್ದೆ. ಆಶಾ ಅಕ್ಕ ಕೂಸಿನ್ನ ತೂಕಕ್ಕ ಎತ್ತಿಕೊಂಡು ಹೋದಳು. ಇಬ್ಬರೇ ಉಳಿದಾಗ ಅಕಿ ಮೊದಲನೇ ಸಲ ಸೆರಗು ಸರಿಸಿದಳು. ಕಿವಿ ಹಿಂದ ಹಸಿರುಗಟ್ಟಿತ್ತು. ನಾನು ಏನೂ ಅನ್ನಲಿಲ್ಲ. "ಅಕ್ಕಾ, ಸಿಡಿಪಿಒ ಮೇಡಂ ಅಂದ್ರ ಹೆಂಗ್ರಿ, ಬೈತಾರೇನು?" ಅಂತ ಅಕಿನೇ ಕೇಳಿದಳು. ಬೈಯೋದಿಲ್ಲ, ನಾ ಜೋಡಿ ಬರ್ತೀನಿ ಅಂದೆ. "ಈಗ ಬ್ಯಾಡ" ಅಂದಳು. ಆಯ್ತು ಅಂದೆ.

ನಿನ್ನೆ ಸಂಜಿ ಮೊಸರು ಹಾಕಿ ಬಟ್ಟಲ ಕೊಡುವಾಗ ಕೆಳಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಆಧಾರ್ ಕಾರ್ಡ್, ಕೂಸಿನ ತಾಯಿ ಕಾರ್ಡ್, ಮಡಚಿದ ಒಂದು ಲಗ್ನದ ಫೋಟೋ. ಎಲ್ಲಿ ಇಟ್ಟೀನಿ ಅಂತ ಇಲ್ಲಿ ಬರೆಯೋದಿಲ್ಲ.