ಕ್ರಿಸ್‌ಮಸ್ ಹಾಡುಗಳ ಮೇಲೆ ಯಾವ ಪದ ಹಾಕೋದು

ಅಕ್ಕಾ, ನಿಮ್ಮ ಪ್ರಶ್ನೆ ನೋಡ್ದೆ. ನಮ್ಮ ಗಾಯನ ವೃಂದದ ಪುಸ್ತಿಕೆಯಲ್ಲಿ ಬೇರೆ ಬೇರೆ ಭಾಷೆಯ ಹಾಡುಗಳಿವೆಯಲ್ಲ, ಎಲ್ಲದರ ಮೇಲೂ 'ಕ್ಯಾರಲ್' ಅಂತ ಬರೆಯೋ ಬದಲು ಆಯಾ ಭಾಷೆಯ ಪದವನ್ನೇ ಕನ್ನಡ ಲಿಪಿಯಲ್ಲಿ ಹಾಕಬಹುದಾ ಅಂತ ಕೇಳಿದ್ರಿ. ಖಂಡಿತ ಹಾಕಬಹುದು, ಹಾಕಲೇಬೇಕು. ಆದ್ರೆ ಒಂದಕ್ಕೊಂದು ಸಮ ಅಂತ ಪಟ್ಟಿ ಮಾಡಿ ಅಂಟಿಸಿಬಿಟ್ರೆ ತಪ್ಪಾಗುತ್ತೆ. ಎಷ್ಟೋ ಭಾಷೆಗಳಲ್ಲಿ ಹಾಡು ಯಾವ ದಿನದ್ದು, ಮನೆ ಮನೆಗೆ ಹೋಗಿ ಹಾಡೋದಾ, ದೇವಾಲಯದಲ್ಲಿ ಹಾಡೋದಾ ಅನ್ನೋದರ ಮೇಲೆ ಹೆಸರೇ ಬೇರೆ ಆಗುತ್ತೆ. ಅದಕ್ಕೇ ಮೊದಲು ಸಾಹಿತ್ಯ ಓದಿ, ಆಮೇಲೆ ತಲೆಬರಹ ಬರೀರಿ.

ಮೊದಲು ದೊಡ್ಡ ಕುಟುಂಬ ಹೇಳ್ತೀನಿ. ಲ್ಯಾಟಿನ್‌ನಲ್ಲಿ ತಿಂಗಳ ಮೊದಲ ದಿನಕ್ಕೆ 'ಕಲೆಂಡೆ' ಅಂತಿದ್ರು. ಅದರಿಂದಲೇ ಪೋಲಿಷ್‌ನ 'ಕೊಲೆಂದಾ', ಜೆಕ್‌ನ 'ಕೊಲೆದಾ', ರೊಮೇನಿಯನ್‌ನ 'ಕೊಲಿಂದ', ಯುಕ್ರೇನಿಯನ್‌ನ 'ಕೊಲ್ಯಾದ್ಕಾ', ಗ್ರೀಕಿನ 'ಕಾಲಂದಾ' ಎಲ್ಲ ಬಂದಿರೋದು. ಜನವರಿಯ ಕಲೆಂಡೆ ಅಂದ್ರೆ ವರ್ಷದ ತಿರುವು, ಹಾಗಾಗಿ ಇವು ಡಿಸೆಂಬರ್ 25ಕ್ಕೆ ಮಾತ್ರ ಕಟ್ಟುಬಿದ್ದಿಲ್ಲ. ಗ್ರೀಕ್ ನೋಡಿ: ಮಕ್ಕಳು ಕೈಯಲ್ಲಿ ತ್ರಿಕೋನದ ತಾಳ ಹಿಡ್ಕೊಂಡು ಬಾಗಿಲಿಗೆ ಬಂದು 'ನಾ ತಾ ಪೂಮೆ?', ಅಂದ್ರೆ 'ಹೇಳೋಣ್ವಾ?' ಅಂತ ಕೇಳ್ತಾರೆ. ಹೂಂ ಅಂದ ಮೇಲೆಯೇ ಹಾಡು. ಇದು ಡಿಸೆಂಬರ್ 24, 31 ಮತ್ತು ಜನವರಿ 5, ಮೂರು ದಿನವೂ ನಡೆಯುತ್ತೆ, ಆದ್ರೆ ಮೂರಕ್ಕೂ ಸಾಹಿತ್ಯ ಬೇರೆ. ನಿಮ್ಮ ಹಾಳೆಯಲ್ಲಿ 'ಆಯೊಸ್ ವಸೀಲಿಸ್', ಅಂದ್ರೆ ಸಂತ ಬಸೀಲ್ ಬರ್ತಾನೆ ಅಂತ ಇದ್ರೆ ಅದು ಹೊಸ ವರ್ಷದ ಕಾಲಂದಾ. ಕ್ರಿಸ್‌ಮಸ್ ಭಾಗದಲ್ಲಿ ಇಡಬೇಡಿ. ಇನ್ನೊಂದು, ಈ ಪದವನ್ನ ಗ್ರೀಕರು ಬಹುವಚನದಲ್ಲೇ ಬಳಸೋದು, 'ಕಾಲಂದಾಗಳು' ಅನ್ನೋದು ಬೇಡ.

ಯುಕ್ರೇನಿಯನ್‌ನಲ್ಲಿ ಎಡವೋದು ಇನ್ನೂ ಸುಲಭ. ಕ್ರಿಸ್‌ಮಸ್‌ದು ಕೊಲ್ಯಾದ್ಕಾ, ಹೊಸ ವರ್ಷದ ಹಿಂದಿನ ಸಂಜೆಯದು 'ಶ್ಚೆದ್ರೀವ್ಕಾ'. ಚರ್ಚಿನ ಹಳೇ ಪಂಚಾಂಗದ (ಜೂಲಿಯನ್ ಕ್ಯಾಲೆಂಡರ್) ಪ್ರಕಾರ ಆ ಸಂಜೆ ಜನವರಿ 13. 2023ರಲ್ಲಿ ಹೊಸ ಪಂಚಾಂಗಕ್ಕೆ ಬಂದ ಚರ್ಚುಗಳಲ್ಲಿ ಡಿಸೆಂಬರ್ 31. ನಾವು ಇಂಗ್ಲಿಷ್‌ನಲ್ಲಿ ಹಾಡೋ ಗಂಟೆಗಳ ಹಾಡು, 'ಕ್ಯಾರಲ್ ಆಫ್ ದ ಬೆಲ್ಸ್', ಇದೆಯಲ್ಲ, ಅದರ ಮೂಲ 'ಶ್ಚೆದ್ರಿಕ್'. ಮಿಕೋಲಾ ಲೆಯೊಂತೊವಿಚ್ ವೃಂದಗಾನಕ್ಕೆ ಅಳವಡಿಸಿದ್ದು, 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದ್ದು. ಅದರಲ್ಲಿ ಗಂಟೆಯೂ ಇಲ್ಲ, ಬೆತ್ಲೆಹೇಮೂ ಇಲ್ಲ. ಒಂದು ಬಾನಾಡಿ ಹಕ್ಕಿ ಹಾರಿ ಬಂದು ಯಜಮಾನನನ್ನ ಕರೆದು, ನಿನ್ನ ಕುರಿ ಮರಿ ಹಾಕಿದೆ ನೋಡು ಅನ್ನುತ್ತೆ. ಗಂಟೆ ಸೇರಿಸಿದ್ದು 1936ರ ಇಂಗ್ಲಿಷ್ ಸಾಹಿತ್ಯ, ಪೀಟರ್ ವಿಲ್‌ಹೌಸ್ಕಿ ಬರೆದದ್ದು. ಮೂಲ ಭಾಷೆಯಲ್ಲಿ ಹಾಡಿದ್ರೆ ಮೇಲೆ 'ಶ್ಚೆದ್ರೀವ್ಕಾ' ಅಂತಲೇ ಹಾಕಿ. ಇಷ್ಟು ಚೆಂದದ ಹಾಡಿಗೆ ಅದರ ಸ್ವಂತ ಹೆಸರು ಸಿಗಲಿ.

ಪೋಲಿಷ್‌ನಲ್ಲೂ ಎರಡು ಬಗೆ. ದೇವಾಲಯದಲ್ಲಿ ಹಾಡೋ ಭಕ್ತಿಗೀತೆ ಕೊಲೆಂದಾ. ಕುರಿಗಾಹಿಗಳ ಸಡಗರ, ಜಾನಪದ ಧಾಟಿ ಇರೋ ಹಗುರ ಹಾಡು 'ಪಾಸ್ತೊರಾವ್ಕಾ'. ಕೊನೇಲಿ 'ಲ್ಕಾ' ಅಂತ ಬರೀಬೇಡಿ, ಅಡ್ಡಗೆರೆ ಇರೋ ಎಲ್ ಅಕ್ಷರಕ್ಕೆ ಅವರಲ್ಲಿ 'ವ' ಉಚ್ಚಾರ.

ಸ್ಪ್ಯಾನಿಷ್ 'ಬಿಯಾನ್ಸೀಕೊ'. ಕಾಗುಣಿತ ನೋಡಿ 'ವಿಲ್ಲಾನ್ಸಿಕೊ' ಅಂತ ಬರೆಯೋರೇ ಹೆಚ್ಚು. ಮೊದಲಕ್ಷರ ಬಕಾರವೇ, ಎರಡು ಎಲ್ ಬಂದ್ರೆ ಹೆಚ್ಚಿನ ಕಡೆ ಯಕಾರ. ಹಳೇ ಸ್ವರಲಿಪಿ ತಗೊಂಡಿದ್ರೆ ಹುಷಾರು: 15, 16ನೇ ಶತಮಾನದಲ್ಲಿ ಪ್ರೇಮಗೀತೆಗೂ ಇದೇ ಹೆಸರು, ಪಲ್ಲವಿ ಮತ್ತು ಚರಣ ಇರೋ ಒಂದು ರಚನೆಗೆ ಹಾಗಂತಿದ್ರು. ಹೆಸರು ನೋಡಿ ಆರಿಸಿದ್ರೆ ವಿರಹದ ಹಾಡು ಒಳಗೆ ಬಂದುಬಿಡಬಹುದು. ಪೋರ್ಟೊ ರಿಕೊ, ವೆನೆಜುವೆಲಾದ ಹಾಡಾದ್ರೆ 'ಅಗಿನಾಲ್ದೊ' ಸರಿ. ಮೆಕ್ಸಿಕೊದಲ್ಲಿ ಅದೇ ಪದಕ್ಕೆ ಸಾಮಾನ್ಯ ಅರ್ಥ ವರ್ಷದ ಕೊನೆಯ ಬೋನಸ್, ಅಲ್ಲಿಯ ಹಾಡಿನ ಮೇಲೆ ಬಿಯಾನ್ಸೀಕೊ ಸಾಕು. ಕೆಟಲನ್ ಹಾಡಿಗೆ 'ನದಾಲಾ'.

ಫ್ರೆಂಚ್‌ನಲ್ಲಿ 'ನೊಎಲ್'. ಅವರು ದೊಡ್ಡಕ್ಷರದಲ್ಲಿ ಶುರು ಮಾಡಿದ್ರೆ ಹಬ್ಬ, ಚಿಕ್ಕಕ್ಷರದಲ್ಲಿ ಬರೆದ್ರೆ ಹಾಡು. ಕನ್ನಡದಲ್ಲಿ ಆ ವ್ಯತ್ಯಾಸ ತೋರಿಸೋಕಾಗಲ್ಲ, ಅದಕ್ಕೆ 'ನೊಎಲ್ ಗೀತೆ' ಅಂತ ಬಿಡಿಸಿ ಬರೀರಿ. ಜರ್ಮನ್ 'ವೈನಾಖ್ಟ್ಸ್‌ಲೀಟ್'. ಒಂದೇ ಹಾಡಾದ್ರೆ ಕೊನೆಗೆ ಟಕಾರ ಕೇಳುತ್ತೆ, ಹಲವು ಆದ್ರೆ 'ಲೀಡರ್'. ಹಬ್ಬಕ್ಕೆ ಕಾಯೋ ವಾರಗಳ ಹಾಡಿಗೆ ಅವರಲ್ಲಿ 'ಅಡ್ವೆಂಟ್ಸ್‌ಲೀಟ್' ಅಂತ ಬೇರೆಯೇ ಇದೆ. ಸ್ವೀಡಿಷ್‌ದು 'ಯೂಲ್‌ಸೋಂಗ್', ಜೆ ಅಕ್ಷರ ನೋಡಿ ಜಕಾರ ಹಾಕಬೇಡಿ, ಅಷ್ಟೇ.

ಇಂಗ್ಲಿಷ್ ಹಾಡುಗಳಿಗೆ 'ಕ್ಯಾರಲ್' ಇರಲಿ. ಅದೂ ಮೊದಲು ಕೈ ಹಿಡಿದು ಸುತ್ತು ಕುಣಿಯೋ ಹಾಡಿನ ಹೆಸರೇ, ಹಳೇ ಫ್ರೆಂಚ್‌ನಿಂದ ಬಂದದ್ದು, ಈಸ್ಟರ್‌ಗೂ ಕ್ಯಾರಲ್‌ಗಳಿವೆ. ಹಿಮ, ಗಾಡಿ, ಉಡುಗೊರೆ ಅಂತ ಮಾತ್ರ ಇರೋ ಸಿನಿಮಾ ಕಾಲದ ಹಾಡುಗಳನ್ನ 'ಕ್ರಿಸ್‌ಮಸ್ ಹಾಡು' ಅಂತ ಬೇರೆ ಇಡೋದೇ ಒಳ್ಳೇದು.

ಒಂದೇ ಹಾಡಿನ ಮೇಲೆ ಏಕವಚನ, ಭಾಗದ ತಲೆಬರಹಕ್ಕೆ ಬಹುವಚನ: ಕೊಲೆಂದಾ, ಕೊಲೆಂದಿ, ಕೊಲಿಂದ, ಕೊಲಿಂದೆ, ಕೊಲ್ಯಾದ್ಕಾ, ಕೊಲ್ಯಾದ್ಕಿ. ಕೆಳಗೆ ಮೂಲ ಲಿಪಿಯನ್ನೂ ಹಾಕೋದಾದ್ರೆ, ಪೋಲಿಷ್ ಪದದ e ಅಕ್ಷರಕ್ಕಿರೋ ಬಾಲ (ę), ರೊಮೇನಿಯನ್ ಪದದ ಕೊನೇ a ಮೇಲಿನ ಬಟ್ಟಲು (ă) ಬಿಟ್ಟುಹೋಗದ ಹಾಗೆ ನೋಡ್ಕೊಳ್ಳಿ. ಕೆಲವು ಕನ್ನಡ ಫಾಂಟ್‌ಗಳಲ್ಲಿ ಆ ಅಕ್ಷರಗಳು ಇರಲ್ಲ, ಖಾಲಿ ಚೌಕ ಬರುತ್ತೆ. ಆ ಸಾಲಿಗೆ ಮಾತ್ರ ಬೇರೆ ಫಾಂಟ್ ಹಾಕಿ, ಪಿಡಿಎಫ್ ಮಾಡಿ ಗ್ರೂಪಿಗೆ ಕಳಿಸಿ, ನೋಡಿ ಹೇಳ್ತೀನಿ.