ಮೂರು ಸಂಸಾರದ ಹಳೇ ಮರದ ಮನೆಗೆ ಹೀಟ್ ಪಂಪ್: ಎಷ್ಟು ದೊಡ್ಡದು ಬೇಕು, ಎಲ್ಲಿ ಎಡವಟ್ಟಾಗುತ್ತದೆ

ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ 1910ರ ಸುಮಾರಿನ ಮೂರಂತಸ್ತಿನ ಮರದ ಮನೆ, ಅಂತಸ್ತಿಗೊಂದು ಸಂಸಾರ. ನೆಲಮಾಳಿಗೆಯಲ್ಲಿ ಒಂದೇ ಗ್ಯಾಸ್ ಸ್ಟೀಮ್ ಬಾಯ್ಲರ್, ಬಿಲ್ ಮಾಲೀಕರದು. ಅದರ ಬದಲು ಹೀಟ್ ಪಂಪ್ (ಹೊರಗಾಳಿಯ ಶಾಖವನ್ನು ಕರೆಂಟ್‌ನಿಂದ ಒಳಗೆ ತರುವ, ಎ.ಸಿ.ಯಂಥ ಯಂತ್ರ) ಹಾಕಿಸಲು ಪ್ರತಿ ಮನೆಗೂ ಗಂಟೆಗೆ 36,000 ಬಿಟಿಯು (ಶಾಖದ ಅಳತೆ) ಕೊಡುವ ಹೊರಮಷಿನ್, ಒಳಗೆ ನಾಲ್ಕು ಹೆಡ್ (ಕೋಣೆಗೆ ಬಿಸಿಗಾಳಿ ಬಿಡುವ ಘಟಕ) ಎಂದು ಕೊಟೇಶನ್ ಬಂದಿದೆ. ಇಷ್ಟು ಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಬೇಡ ಸರ್. ಒಂದು ವರ್ಷದ ಗ್ಯಾಸ್ ಬಿಲ್ ಮುಂದಿಟ್ಟುಕೊಳ್ಳಿ. ಜುಲೈ ತಿಂಗಳ ಬಳಕೆ ಬಿಸಿನೀರು, ಅಡುಗೆಯದು. ಅದನ್ನು ಪ್ರತಿ ತಿಂಗಳಿಂದ ಕಳೆಯಿರಿ. ಉಳಿದದ್ದು 2,340 ಥರ್ಮ್ (ಒಂದು ಥರ್ಮ್ ಅಂದರೆ ಒಂದು ಲಕ್ಷ ಬಿಟಿಯು) ಎಂದುಕೊಳ್ಳೋಣ. ಬಾಯ್ಲರ್ ದಕ್ಷತೆ ಶೇ. 80 ಹಿಡಿದರೆ ಮನೆಯೊಳಗೆ ಸೇರಿದ ಶಾಖ 18.72 ಕೋಟಿ ಬಿಟಿಯು. ಆ ವರ್ಷದ ಡಿಗ್ರಿ-ದಿನ (ಪ್ರತಿ ದಿನ ಹೊರಗಿನ ಸರಾಸರಿ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕಡಿಮೆ ಎಂಬುದರ ವರ್ಷದ ಮೊತ್ತ) 6,500 ಇದ್ದರೆ, ಅದನ್ನು 24ರಿಂದ ಗುಣಿಸಿ, ಬಂದದ್ದರಿಂದ ಆ ಶಾಖವನ್ನು ಭಾಗಿಸಿ: ಒಂದು ಡಿಗ್ರಿ ವ್ಯತ್ಯಾಸಕ್ಕೆ ಗಂಟೆಗೆ 1,200 ಬಿಟಿಯು. ಹೊರಗೆ 5 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 15 ಸೆಲ್ಸಿಯಸ್) ಇರುವಾಗ 65ಕ್ಕೆ 60 ಡಿಗ್ರಿ ಕಡಿಮೆ, ಅಂದರೆ ಇಡೀ ಕಟ್ಟಡಕ್ಕೆ 72,000. ನಿಮಗೆ ಹೇಳಿರುವುದು 1,08,000. ಮೂರು ಮನೆಗೂ ಸಮವಾಗಿ ಹಂಚಬೇಡಿ: ನಡುವಿನ ಮನೆಗೆ ಮೇಲೂ ಕೆಳಗೂ ಬೆಚ್ಚಗಿನ ಮನೆಗಳಿವೆ, ಅದಕ್ಕೆ ಕಡಿಮೆ ಸಾಕು, ಛಾವಣಿಯಡಿಯ ಮನೆಗೆ ಹೆಚ್ಚು.

ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಅನ್ನಿಸಬಹುದು. ಅಲ್ಲ. ನಾಲ್ಕು ಹೆಡ್‌ನ ಮಷಿನ್ ಒಂದು ಮಿತಿಗಿಂತ ಕೆಳಗೆ ಇಳಿಯದು. ಅಕ್ಟೋಬರ್‌ನಲ್ಲಿ ಒಂದು ಮಲಗುವ ಕೋಣೆ ಮಾತ್ರ ಶಾಖ ಕೇಳಿದರೆ ಕಂಪ್ರೆಸರ್ ನಿಂತು ಹೊರಟು, ನಿಂತು ಹೊರಟು ಕರೆಂಟ್ ತಿನ್ನುತ್ತದೆ. ಅದಕ್ಕಿಂತ ಒಂದು ಹೊರಮಷಿನ್‌ಗೆ ಒಂದೇ ಹೆಡ್ ಇರುವ ಎರಡು ಜೋಡಿ ಮೇಲು: ಹಜಾರಕ್ಕೆ 15,000, ಹಿಂದಿನ ಕೋಣೆಗಳ ಕಡೆಗೆ 9,000. ಬಾಗಿಲು ಮುಚ್ಚಿರುವ ಸಣ್ಣ ಕೋಣೆಗೆ ಗೋಡೆಬುಡದ ಎಲೆಕ್ಟ್ರಿಕ್ ಹೀಟರ್ ಸಾಕು. ಪೆಟ್ಟಿಗೆ ಮೇಲಿನ ಸಂಖ್ಯೆ ಹೊರಗೆ 47 ಡಿಗ್ರಿ ಫ್ಯಾರನ್‌ಹೀಟ್ ಇರುವಾಗಿನದು. 5 ಡಿಗ್ರಿಯಲ್ಲಿ ಎಷ್ಟು ಕೊಡುತ್ತದೆ ಎಂಬ ಪಟ್ಟಿಯನ್ನು ಕೇಳಿ ಪಡೆಯಿರಿ.

ಇನ್ನೊಬ್ಬರು: ಈ ಲೆಕ್ಕ ಈಗಿನ ಸೋರುವ ಮನೆಯದು. ಆ ಕಾಲದ ಅನೇಕ ಮರದ ಮನೆಗಳಲ್ಲಿ ಗೋಡೆಯೊಳಗಿನ ಸಂದು ನೆಲಮಾಳಿಗೆಯಿಂದ ಛಾವಣಿಯವರೆಗೆ ತೆರೆದೇ ಇರುತ್ತದೆ, ಹೊಗೆಕೊಳವೆಯ ಹಾಗೆ ಬೆಚ್ಚನೆ ಗಾಳಿಯನ್ನು ಮೇಲಕ್ಕೆ ಎಳೆದುಬಿಡುತ್ತದೆ. ಸೆಲ್ಯುಲೋಸ್ (ಕಾಗದದ ಚೂರಿನ ಶಾಖನಿರೋಧಕ) ಒತ್ತಿ ತುಂಬಿಸಿ, ಛಾವಣಿಯ ಬಿರುಕು ಮುಚ್ಚಿಸಿ, ಆಮೇಲೆ ಮಷಿನ್ ಅಳತೆ ನಿರ್ಧರಿಸಿ. ತುಂಬಿಸುವ ಮೊದಲು ಪಿಂಗಾಣಿ ಗುಬ್ಬಿಗಳ ಮೇಲೆ ಹಾದುಹೋದ ಹಳೇ ವೈರಿಂಗ್ ಜೀವಂತವಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಆ ತಂತಿ ಸುತ್ತಲಿನ ಗಾಳಿಯಿಂದಲೇ ತಂಪಾಗುವುದು. ಮುಚ್ಚಿದರೆ ಬೆಂಕಿಯ ಅಪಾಯ.

ಕೇಳಿದವರು: ರೇಡಿಯೇಟರ್‌ಗಳನ್ನೇ ಉಳಿಸಿಕೊಂಡು ಹೀಟ್ ಪಂಪ್ ಜೋಡಿಸಬಹುದೇ?

ಉತ್ತರ: ಆಗದು. ಸ್ಟೀಮ್‌ಗೆ ನೀರು ಕುದಿಯಬೇಕು. ನೀರು ಕಾಯಿಸುವ ಸಾಮಾನ್ಯ ಹೀಟ್ ಪಂಪ್ 55 ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದೊಂದೇ ಮನೆ ಬದಲಾಯಿಸುತ್ತೇನೆ ಅಂದರೂ ಯೋಚಿಸಿ: ರೇಡಿಯೇಟರ್ ಕಡಿಮೆಯಾದಂತೆ ಬಾಯ್ಲರ್ ಉಳಿದವಕ್ಕೆ ವಿಪರೀತ ದೊಡ್ಡದಾಗುತ್ತದೆ.

ಬಾಯ್ಲರ್ ತೆಗೆದ ಮೇಲೆ ಎರಡು ತೊಂದರೆ ಕಾದಿವೆ. ಗ್ಯಾಸ್ ಗೀಸರ್ ಒಂದೇ ಅದೇ ಚಿಮಣಿಗೆ ಉಳಿದರೆ, ಅಷ್ಟು ಅಗಲದ ಕೊಳವೆಯಲ್ಲಿ ಹೊಗೆ ತಣ್ಣಗಾಗಿ ನೀರಾಗಿ ಇಟ್ಟಿಗೆ ಕೊರೆಯುತ್ತದೆ; ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ವಾಪಸ್ ಬರಬಹುದು. ಸರಿಯಳತೆಯ ಲೈನರ್ (ಚಿಮಣಿಯೊಳಗೆ ಇಳಿಸುವ ಕಿರಿದಾದ ಕೊಳವೆ) ಹಾಕಿಸಿ, ಇಲ್ಲವೇ ಹೀಟ್ ಪಂಪ್ ಗೀಸರ್‌ಗೆ ಹೋಗಿ. ಇನ್ನೊಂದು, ಇಷ್ಟು ಕಾಲ ಬಾಯ್ಲರ್ ಬಿಸಿಯಲ್ಲಿದ್ದ ನೆಲಮಾಳಿಗೆ ತಣ್ಣಗಾಗಿ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು. ಅಲ್ಲಿನ ಗೋಡೆಯಂಚಿಗೂ ಪೈಪಿಗೂ ಶಾಖನಿರೋಧಕ ಹಾಕಲೇಬೇಕು. ಸ್ಟೀಮ್ ಪೈಪ್ ಸುತ್ತ ಬಿಳಿ ಹೊದಿಕೆ ಕಂಡರೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಕೈ ಹಾಕಬೇಡಿ. ಪರವಾನಗಿ ಇರುವವರೇ ತೆಗೆಯಲಿ.

ಮತ್ತೊಬ್ಬರು: ಖರ್ಚಿನ ಮಾತನ್ನೂ ಮುಚ್ಚಿಡದೆ ಹೇಳಬೇಕು. ಶೇ. 80ರ ಬಾಯ್ಲರ್‌ನಲ್ಲಿ ಒಂದು ಥರ್ಮ್ ಗ್ಯಾಸ್ ಕೊಡುವ ಶಾಖ 23.4 ಯೂನಿಟ್ (ಕಿಲೋವ್ಯಾಟ್-ಗಂಟೆ). ಚಳಿಗಾಲದ ಸರಾಸರಿಯಲ್ಲಿ ಹೀಟ್ ಪಂಪ್ ಒಂದು ಯೂನಿಟ್ ಕರೆಂಟ್‌ಗೆ 2.7 ಪಟ್ಟು ಶಾಖ ಕೊಟ್ಟರೆ ಅಷ್ಟೇ ಶಾಖಕ್ಕೆ 8.7 ಯೂನಿಟ್ ಕರೆಂಟ್. ಯೂನಿಟ್‌ಗೆ 30 ಸೆಂಟ್ ಆದರೆ 2.60 ಡಾಲರ್. ನಿಮ್ಮ ಗ್ಯಾಸ್ ಅದಕ್ಕಿಂತ ಅಗ್ಗವಿದ್ದರೆ ತಿಂಗಳ ಬಿಲ್ ಏರುತ್ತದೆ. ಚಳಿಗಾಲದ ಹೀಟ್ ಪಂಪ್ ದರಕ್ಕೆ (ಹೀಟ್ ಪಂಪ್ ಇರುವವರಿಗೆ ಕರೆಂಟಿನ ರಿಯಾಯಿತಿ ದರ) ಪ್ರತಿ ಮೀಟರ್‌ಗೂ ಬೇರೆಬೇರೆಯಾಗಿ ನೋಂದಾಯಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ಮಷಿನ್‌ಗಳು ಬಾಡಿಗೆದಾರರ ಮೀಟರ್‌ಗೆ ಹೋಗುವುದಾದರೆ ಬರೀ ಬಾಯಿಮಾತು ಸಾಲದು. ಶಾಖದ ಖರ್ಚು ಬಾಡಿಗೆದಾರರದು ಎಂದು ಲಿಖಿತ ಕರಾರಿನಲ್ಲಿ ಇಲ್ಲದಿದ್ದರೆ ಮ್ಯಾಸಚೂಸೆಟ್ಸ್‌ನಲ್ಲಿ ಅದು ಮಾಲೀಕರ ಹೊಣೆ. ಸೆಪ್ಟೆಂಬರ್ 15ರಿಂದ ಮೇ 31ರವರೆಗೆ ಹಗಲು 68, ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್ ತಲುಪುವ ವ್ಯವಸ್ಥೆ ಇರಲೇಬೇಕು. 60 ಆಂಪಿಯರ್‌ನ ಹಳೇ ಪ್ಯಾನೆಲ್ ಇದ್ದರೆ ಲೋಡ್ ಲೆಕ್ಕ ಮೊದಲೇ ಮಾಡಿಸಿ.

ಕೊನೆಯದಾಗಿ ಜೋಡಣೆ ಬಗ್ಗೆ. ಹೊರಮಷಿನ್ ಅನ್ನು ಮರದ ಗೋಡೆಗೆ ಬಿಗಿದರೆ ನಡುಕ ಒಳಗಿನ ಕೋಣೆಯವರೆಗೆ ಕೇಳುತ್ತದೆ. ನೆಲದ ಮೇಲೆ ಒಂದೂವರೆ ಅಡಿ ಸ್ಟ್ಯಾಂಡ್ ಇಟ್ಟು, ಸೂರಿನ ನೀರು, ಹಿಮ ಬೀಳದ ಕಡೆ ಕೂರಿಸಿ. ಡಿಫ್ರಾಸ್ಟ್ ನೀರು (ಹೊರಮಷಿನ್ ಮೇಲೆ ಕಟ್ಟಿದ ಹಿಮ ಕರಗಿದ್ದು) ಓಡಾಡುವ ದಾರಿಗೆ ಹರಿದರೆ ಅಲ್ಲೇ ಮಂಜುಗಡ್ಡೆ ಕಟ್ಟಿ ಜನ ಜಾರುತ್ತಾರೆ. ಮೂರನೇ ಅಂತಸ್ತಿಗೆ ಪೈಪ್ ಎಳೆಯುವಾಗ ಕೈಪಿಡಿಯ ಗರಿಷ್ಠ ಎತ್ತರ ಮೀರಬಾರದು, ಉದ್ದಕ್ಕೆ ತಕ್ಕಂತೆ ಮಷಿನ್‌ನ ಶೀತಕ ಗ್ಯಾಸ್ (ರೆಫ್ರಿಜರೆಂಟ್) ತೂಕ ಹಾಕಿ ಸೇರಿಸಬೇಕು. ಫ್ಲೇರ್ ನಟ್ (ಆ ಪೈಪ್ ಜೋಡಿಸುವ ನಟ್) ಟಾರ್ಕ್ ವ್ರೆಂಚ್‌ನಲ್ಲೇ (ನಿಗದಿತ ಬಲದಲ್ಲಿ ಬಿಗಿಯುವ ಸ್ಪ್ಯಾನರ್) ಬಿಗಿಯಲಿ. ನೈಟ್ರೋಜನ್ ಒತ್ತಡ ಪರೀಕ್ಷೆ ಆದಮೇಲೆ ಪೈಪಿನೊಳಗಿನ ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ (ಉಳಿದ ಒತ್ತಡದ ಅಳತೆ) ಕೆಳಗಿಳಿದು ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಂತಿತೇ? ಗೇಜ್‌ನ ಫೋಟೊ ಕೇಳಿ ಪಡೆದೇ ಕೊನೆಯ ಕಂತು ಕೊಡಿ.