ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿ, ಸೀಗಡಿ ಪೂರ್ತಿ ಬಿಡಿಸಬೇಕಾ?

ಕಡಲಹಕ್ಕಿ:
ಅಪ್ಪನಿಗೆ 63 ವರ್ಷ. ಈ ಸಲದ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) 148 ಬಂದಿದೆ. ಶುಗರ್ ಇಲ್ಲ, ಬಿಪಿ ಮಾತ್ರೆ ತಗೋತಾರೆ. ಡಾಕ್ಟರು ಎಣ್ಣೆ, ಜಿಡ್ಡು, ಉಪ್ಪು ಕಮ್ಮಿ ಮಾಡಿ ಅಂದರು, ಸೀಗಡಿ ಬಗ್ಗೆ ಏನೂ ಹೇಳಲಿಲ್ಲ. ಆದರೆ ನೆಂಟರೆಲ್ಲ "ಅದು ಬರೀ ಕೊಲೆಸ್ಟ್ರಾಲ್, ಮುಟ್ಟಲೇಬೇಡಿ" ಅಂತ ಹೆದರಿಸಿಬಿಟ್ಟಿದ್ದಾರೆ. ಅಪ್ಪ ಮಾಂಸ ಬಿಟ್ಟು ಬಹಳ ಕಾಲವಾಯ್ತು, ಮೊಟ್ಟೆ ಅಷ್ಟಕ್ಕಷ್ಟೇ. ಆಸೆಪಟ್ಟು ತಿನ್ನೋದು ಇದೊಂದೇ. ನಿಜಕ್ಕೂ ಇದು ಅಷ್ಟು ಕೆಟ್ಟದಾ? ಹೇಗೆ ಮಾಡಿಕೊಟ್ಟರೆ ಒಳ್ಳೇದು?

ಹಿತಮಿತ:
ಆಹಾರ ಸಲಹೆ ಕೊಡೋದೇ ನನ್ನ ಕೆಲಸ, ವಾರಕ್ಕೊಬ್ಬರಾದರೂ ಇದನ್ನೇ ಕೇಳ್ತಾರೆ. ಪೂರ್ತಿ ಬಿಡಿಸಬೇಡಿ.

ಬೇಯಿಸಿದ 100 ಗ್ರಾಂ ಸೀಗಡಿಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ಕ್ಯಾಲೊರಿ 100ರ ಆಸುಪಾಸು, ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ. ಬಿ12, ಸೆಲೆನಿಯಂ, ಅಯೋಡಿನ್ ಕೂಡ ಸಿಗುತ್ತೆ. ಕೊಲೆಸ್ಟ್ರಾಲ್ ಇರೋದೂ ನಿಜ, 190 ಮಿ.ಗ್ರಾಂ ಹತ್ತಿರ. ಆದರೆ ತಿಂದ ಕೊಲೆಸ್ಟ್ರಾಲೆಲ್ಲ ಹಾಗೇ ರಕ್ತದಲ್ಲಿ ಹೋಗಿ ಕೂರಲ್ಲ. ನಮ್ಮ ಮೈಯಲ್ಲಿರೋದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತೆ. ಹೆಚ್ಚಿನವರಲ್ಲಿ ಎಲ್‌ಡಿಎಲ್ ಏರಿಸೋದರಲ್ಲಿ ಸ್ಯಾಚುರೇಟೆಡ್ ಕೊಬ್ಬಿನ (ಬೆಣ್ಣೆ, ತುಪ್ಪದಲ್ಲಿ ಇರೋ ಥರದ್ದು) ಕೈವಾಡವೇ ದೊಡ್ಡದು, ಅದು ಸೀಗಡಿಯಲ್ಲಿ ಇಲ್ಲವೆನ್ನುವಷ್ಟು ಕಮ್ಮಿ.

1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೊಲೆಸ್ಟ್ರಾಲ್ ಸರಿಯಾಗಿದ್ದವರಿಗೆ ದಿನಾ 300 ಗ್ರಾಂ ಸೀಗಡಿ ತಿನ್ನಿಸಿ ನೋಡಿದರು. ಎಲ್‌ಡಿಎಲ್ ಶೇ. 7ರಷ್ಟು ಏರಿತು, ಒಳ್ಳೆಯದಾದ ಎಚ್‌ಡಿಎಲ್ ಶೇ. 12ರಷ್ಟು ಏರಿತು, ರಕ್ತದಲ್ಲಿರೋ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಶೇ. 13ರಷ್ಟು ಇಳಿಯಿತು. ಅವರು ಆರೋಗ್ಯವಂತರು, ನಿಮ್ಮ ಅಪ್ಪನ ಲೆಕ್ಕ ಬೇರೆ. ಹಾಗಾಗಿ ವಾರಕ್ಕೆ ಒಂದೆರಡು ಸಲ, ಸಲಕ್ಕೆ 100 ಗ್ರಾಂ ಸಾಕು. ಮುಂದಿನ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರ ಹತ್ತಿರ ಮಾತಾಡಿ.

ಬಿಪಿ ಇದೆ ಅಂದ್ರಲ್ಲ, ನನಗೆ ಅದರದೇ ಹೆಚ್ಚು ಚಿಂತೆ. ಫ್ರೋಜನ್ ಪ್ಯಾಕೆಟ್ ತಂದರೆ ಹಿಂಬದಿ ಓದಿ. ನೀರು ಹಿಡಿದಿಟ್ಟುಕೊಂಡು ತುಂಬಿಕೊಂಡಂತೆ ಕಾಣಲಿ ಅಂತ ಎಷ್ಟೋ ಕಡೆ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಸೇರಿಸ್ತಾರೆ, ಉಪ್ಪುನೀರಲ್ಲೂ ಅದ್ದಿರ್ತಾರೆ. ಅಂಥದ್ದರಲ್ಲಿ ಬಿಪಿ ಏರಿಸೋ ಸೋಡಿಯಂ ಹಲವು ಪಟ್ಟು ಜಾಸ್ತಿ. ಪದಾರ್ಥಗಳ ಪಟ್ಟಿಯಲ್ಲಿ 'ಸೀಗಡಿ' ಬಿಟ್ಟು ಬೇರೇನೂ ಇಲ್ಲದ ಪ್ಯಾಕೆಟ್ ಹುಡುಕಿ ತನ್ನಿ.

ಒಲೆಮುಂದೆ:
ಮೇಲಿನವರು ಹೇಳಿದ್ದು ಸರಿ. ಹಿಟ್ಟಲ್ಲಿ ಅದ್ದಿ ಕರಿದರೆ ಅದೇ 100 ಗ್ರಾಂ 240 ಕ್ಯಾಲೊರಿ ದಾಟುತ್ತೆ, 12 ಗ್ರಾಂ ಕೊಬ್ಬು ಬರೋದು ಬಾಣಲೆಯಿಂದ. ಅಪರಾಧ ಎಣ್ಣೆಯದು, ಬೈಗುಳ ಸೀಗಡಿಗೆ!

ನಾನು ಮಾಡೋದು ಹೀಗೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸ್ತೀನಿ. ಬೆನ್ನು ಸೀಳಿ ಕಪ್ಪು ಎಳೆ ತೆಗೀತೀನಿ, ಅದು ಅದರ ಕರುಳು. ಆಮೇಲೆ ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒಣಗಿಸಬೇಕು. ಒದ್ದೆ ಇದ್ದರೆ ನೀರು ಬಿಟ್ಟುಕೊಂಡು ಬೇಯುತ್ತೆ, ರುಚಿ ಸಪ್ಪೆಯಾಗಿ ಉಪ್ಪು ಜಾಸ್ತಿ ಹಾಕಬೇಕು ಅನಿಸುತ್ತೆ. ಕಾದ ಬಾಣಲೆಗೆ ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದೊಂದು ಬದಿ ಒಂದೂವರೆ ಎರಡು ನಿಮಿಷ. ಬೂದು ಬಣ್ಣ ಹೋಗಿ ಕೆಂಪೇರಿ, ಒಳಗೆ ಗಾಜಿನಂತಿದ್ದದ್ದು ಬೆಳ್ಳಗಾಗುತ್ತೆ. ಅರ್ಧಚಂದ್ರದಷ್ಟು ಬಾಗಿದಾಗ ಇಳಿಸಿ. ಪೂರ್ತಿ ಉಂಗುರ ಸುತ್ತಿಕೊಂಡರೆ ರಬ್ಬರ್ ಆಗಿರುತ್ತೆ. ಕೊನೆಗೆ ಮೆಣಸಿನ ಪುಡಿ, ಧಾರಾಳವಾಗಿ ನಿಂಬೆರಸ. ಹುಳಿ ಇದ್ದರೆ ಉಪ್ಪು ಕಮ್ಮಿ ಆಗಿದ್ದು ಗೊತ್ತೇ ಆಗಲ್ಲ.

ನಿಧಾನಿ:
ಮನೆಯವರೆಲ್ಲರಿಗೂ ಅದನ್ನೇ ಬಡಿಸೋ ಮುಂಚೆ ಅಲರ್ಜಿ ಯಾರಿಗಾದರೂ ಇದೆಯಾ ಕೇಳ್ಕೊಳ್ಳಿ. ನನ್ನ ತಂಗಿಗೆ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿ, ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಯ್ತು. ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನಿಂದ ಆಗೋದು, ಎಷ್ಟು ಬೇಯಿಸಿದರೂ ಹೋಗಲ್ಲ. ಅಪ್ಪನಿಗೆ ಯೂರಿಕ್ ಆಸಿಡ್ (ರಕ್ತದಲ್ಲಿ ಹೆಚ್ಚಾದರೆ ಕೀಲು ಊದಿ ನೋಯಿಸೋದು) ಜಾಸ್ತಿ ಇದ್ದರೂ ಡಾಕ್ಟರಿಗೆ ಹೇಳಿ.

ಕಡಲಹಕ್ಕಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯೂರಿಕ್ ಆಸಿಡ್ ಸರಿಯಾಗಿದೆ. ಫ್ರೀಜರ್‌ನಲ್ಲಿದ್ದ ಪ್ಯಾಕೆಟ್ ತಿರುಗಿಸಿ ನೋಡಿದೆ, ಉಪ್ಪು, ಫಾಸ್ಫೇಟ್ ಎರಡೂ ಇದೆ. ಬೇರೆ ತರ್ತೀನಿ. ಇನ್ನೊಂದು ಪ್ರಶ್ನೆ: ಅಪ್ಪನಿಗೆ ತಲೆ ಚೀಪೋದು ಇಷ್ಟ, ಅದು ಆಗುತ್ತಾ?

ಹಿತಮಿತ:
ಬೇಡ. ಕೊಲೆಸ್ಟ್ರಾಲ್ ಮಾಂಸಕ್ಕಿಂತ ತಲೆಯಲ್ಲೇ ಜಾಸ್ತಿ, ಕ್ಯಾಡ್ಮಿಯಂ ಅನ್ನೋ ವಿಷಲೋಹ ಶೇಖರವಾಗೋ ಅಂಗ ಇರೋದೂ ಅಲ್ಲೇ. ತಲೆ ತೆಗೆದೇ ಅಡುಗೆ ಮಾಡಿ.